ಬೇರೆಯವರ ತೀರ್ಮಾನಕ್ಕೆ ನಮ್ಮ ದುಡ್ಡು

ಷೇರು ಕೊಳ್ಳುವವರ ನಡುವೆ ಒಂದು ವಾದ ಬಲವಾಗಿ ಬೇರು ಬಿಟ್ಟಿದೆ. ಕಂಪನಿಯೊಂದು ಹೊಸ ಬಗೆಯ ಎಂಜಿನ್ ರೂಪಿಸಿದೆ ಎನ್ನಿ. ಪರೀಕ್ಷೆಗಳಲ್ಲಿ ಅದು ಕಡಿಮೆ ಇಂಧನ ಕುಡಿದು ಹೆಚ್ಚು ಶಕ್ತಿ ಕೊಟ್ಟಿದೆ. ಹೆಸರಾಂತ ಕಾರು ಕಂಪನಿಗಳು ಲೈಸೆನ್ಸ್ ಪಡೆದಿವೆ. ಆದರೂ ವರ್ಷದಿಂದ ವರ್ಷಕ್ಕೆ ನಷ್ಟ, ಷೇರಿನ ಬೆಲೆ ಇಳಿಯುತ್ತಲೇ ಇದೆ. ಆಗ ಬಲ್ಲವರು ಎನಿಸಿಕೊಂಡವರು ಹೇಳುತ್ತಾರೆ: ತಂತ್ರಜ್ಞಾನ ಸಾಬೀತಾಗಿದೆ, ಉದ್ಯಮ ಒಪ್ಪಿಕೊಳ್ಳುವುದಷ್ಟೇ ಬಾಕಿ, ಒಪ್ಪಿಕೊಂಡ ದಿನ ಷೇರು ಹತ್ತು ಪಟ್ಟಾಗುತ್ತದೆ, ತಾಳ್ಮೆ ಇದ್ದವರಿಗೆ ಮಾತ್ರ ಆ ಫಲ. ಬೆಲೆ ಇನ್ನಷ್ಟು ಇಳಿದರೆ ಇನ್ನಷ್ಟು ಕೊಂಡು ಆವರೇಜ್ ಮಾಡಿ ಎಂಬ ಸಲಹೆಯೂ ಜತೆಗೇ ಬರುತ್ತದೆ.

ಈ ವಾದ ಬುಡದಿಂದಲೇ ತಪ್ಪು ಎಂಬುದು ನನ್ನ ನಿಲುವು. ಅಂಥ ಎಂಜಿನ್‌ಗಳೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಎಂಜಿನ್‌ಗಳು ನಿಜಕ್ಕೂ ಚೆನ್ನಾಗಿರುತ್ತವೆ, ಅವುಗಳ ಹಿಂದೆ ಪ್ರಾಮಾಣಿಕ ಎಂಜಿನಿಯರುಗಳ ಅರ್ಧ ಆಯುಸ್ಸು ಇರುತ್ತದೆ. ನನ್ನ ತಕರಾರು ಇರುವುದು, ಉದ್ಯಮದ ಒಪ್ಪಿಗೆಯನ್ನು ಕೊನೆಯ ಚಿಕ್ಕ ಮೆಟ್ಟಿಲಿನಂತೆ ತೋರಿಸುವುದರ ಬಗ್ಗೆ. ಇಡೀ ವ್ಯವಹಾರ ನಿಂತಿರುವುದೇ ಅಲ್ಲಿ. ಆ ತೀರ್ಮಾನ ತೆಗೆದುಕೊಳ್ಳುವವರು ಕಂಪನಿಯವರಲ್ಲ, ಷೇರುದಾರರಂತೂ ಅಲ್ಲ. ಡೆಟ್ರಾಯಿಟ್‌ನಲ್ಲೋ ಟೋಕಿಯೊದಲ್ಲೋ ಕೂತ ಮೂರನೆಯವರು. ತಡವಾದರೆ ಅವರಿಗೆ ಏನೂ ನಷ್ಟವಿಲ್ಲ, ಎಷ್ಟೋ ಸಲ ಲಾಭವೇ ಉಂಟು. ತಡದ ಖರ್ಚೆಲ್ಲ ನಮ್ಮದು.

ಇದಕ್ಕೆ ಆಸ್ಟ್ರೇಲಿಯಾದ ಪರ್ತ್ ನಗರದ ಆರ್ಬಿಟಲ್ ಎಂಜಿನ್ ಕಂಪನಿಗಿಂತ ದೊಡ್ಡ ಸಾಕ್ಷಿ ಬೇಡ. ರಾಲ್ಫ್ ಸಾರಿಚ್ ಎಂಬ ಎಂಜಿನಿಯರ್ 1972ರಲ್ಲಿ ತಮ್ಮ ಹೊಸ ಎಂಜಿನ್ನನ್ನು ಎಬಿಸಿ ಟೆಲಿವಿಷನ್ನಿನ ‘ದಿ ಇನ್ವೆಂಟರ್ಸ್’ ಕಾರ್ಯಕ್ರಮಕ್ಕೆ ತಂದು, ಪ್ರಶಸ್ತಿ ಗೆದ್ದು, ದೇಶಕ್ಕೆಲ್ಲ ಮನೆಮಾತಾದರು. ಪಿಸ್ಟನ್ ಮೇಲೆ ಕೆಳಗೆ ಹೋಗುವುದರ ಬದಲು ಒಳಗಿನ ಭಾಗವೊಂದು ಕಕ್ಷೆ ಹಿಡಿದು ಸುತ್ತುವ ಎಂಜಿನ್ ಅದು. ಗಣಿ ಮತ್ತು ಉಕ್ಕಿನ ದೈತ್ಯ ಕಂಪನಿ ಬಿಎಚ್‌ಪಿ ಹಣ ಹಾಕಿತು. ಒಳಗಿನ ಸೀಲುಗಳು ನಿಲ್ಲಲಿಲ್ಲ, ಬಿಸಿಯಾದ ಭಾಗಗಳನ್ನು ತಣಿಸುವ ದಾರಿ ಸಿಗಲಿಲ್ಲ. ಆ ಎಂಜಿನ್ ಕೊನೆಗೂ ಮಾರಾಟಕ್ಕೆ ಬರಲಿಲ್ಲ. ಆದರೆ ಅದರ ಜತೆ ಗುದ್ದಾಡುವಾಗ ಹುಟ್ಟಿದ ಒಂದು ಉಪಾಯ ಮೂಲ ಎಂಜಿನ್‌ಗಿಂತ ಬೆಲೆಬಾಳುವ ಆಸ್ತಿಯಾಯಿತು. ಅದು ಟು-ಸ್ಟ್ರೋಕ್ ಎಂಜಿನ್ನಿಗೆ ಇಂಧನ ಹಾಯಿಸುವ ಹೊಸ ಕ್ರಮ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರಿಗೆ ಟು-ಸ್ಟ್ರೋಕಿನ ಗುಣ, ದೋಷ ಎರಡೂ ಗೊತ್ತು. ಭಾಗಗಳು ಕಡಿಮೆ, ತೂಕ ಕಡಿಮೆ, ಎಳೆತ ಜೋರು. ಆದರೆ ಕಾರ್ಬುರೇಟರಿನಿಂದ ಸಿಲಿಂಡರಿಗೆ ಬಂದ ಗಾಳಿ–ಪೆಟ್ರೋಲು ಮಿಶ್ರಣ, ಹಳೆಯ ಹೊಗೆಯನ್ನು ಹೊರಗೆ ತಳ್ಳುತ್ತಲೇ ತಾನೂ ಒಂದಷ್ಟು ಸುಡದೆ ಸೈಲೆನ್ಸರಿನ ಪಾಲಾಗುತ್ತದೆ. ಕೆಲವು ಸಲ ಮೂರರಲ್ಲಿ ಒಂದು ಪಾಲು ಪೆಟ್ರೋಲು ಹೀಗೆ ಪೋಲಾಗುವುದುಂಟು. ಆರ್ಬಿಟಲ್ ಎಂಜಿನಿಯರುಗಳು ಸಿಲಿಂಡರನ್ನು ಬರೀ ಗಾಳಿಯಿಂದ ತೊಳೆದರು. ಹೊಗೆ ಹೋಗುವ ಕಿಂಡಿ ಮುಚ್ಚುವ ಹೊತ್ತಿಗೆ, ಒತ್ತಿದ ಗಾಳಿಯ ಬಲದಿಂದ ಪೆಟ್ರೋಲನ್ನು ಅತಿ ಸಣ್ಣ ಹನಿಗಳಾಗಿ ಒಡೆದು ನೇರವಾಗಿ ಒಳಕ್ಕೆ ಚಿಮ್ಮಿಸಿದರು. ಪೋಲು ನಿಂತಿತು, ಹೊಗೆ ಇಳಿಯಿತು. ಇದು ಬರೀ ಮಾತಲ್ಲ, ಕೆಲಸ ಮಾಡುವ ಯಂತ್ರವಾಗಿತ್ತು.

1988ರಲ್ಲಿ ಫೋರ್ಡ್ ಲೈಸೆನ್ಸ್ ಪಡೆಯಿತು. ಹಿಂದೆಯೇ ಜನರಲ್ ಮೋಟಾರ್ಸ್ ಬಂತು. 1991ರಲ್ಲಿ ಕಂಪನಿಯ ಷೇರು ನ್ಯೂಯಾರ್ಕ್ ಷೇರುಪೇಟೆ ಹತ್ತಿತು. ಫೋರ್ಡ್ ಯುರೋಪಿನಲ್ಲಿ ಫಿಯೆಸ್ಟಾ ಕಾರುಗಳಿಗೆ ಮೂರು ಸಿಲಿಂಡರಿನ ಈ ಟು-ಸ್ಟ್ರೋಕ್ ಎಂಜಿನ್ ಕೂಡಿಸಿ ರಸ್ತೆಗೆ ಬಿಟ್ಟು ಪರೀಕ್ಷಿಸಿತು. ಇಂದು ನಮಗೆ ಯಾವ ಲಕ್ಷಣಗಳನ್ನು ತೋರಿಸಿ ಷೇರು ಕೊಳ್ಳಿ ಎನ್ನುತ್ತಾರೋ ಅವೆಲ್ಲವೂ ಅಂದು ಆರ್ಬಿಟಲ್‌ನಲ್ಲಿ ಇದ್ದವು: ಸಾಬೀತಾದ ತಂತ್ರಜ್ಞಾನ, ಪೇಟೆಂಟುಗಳ ರಾಶಿ, ಜಗತ್ತಿನ ಮೊದಲ ಎರಡು ಕಾರು ಕಂಪನಿಗಳ ಸಹಿ, ರಸ್ತೆಯ ಮೇಲೆ ಓಡುವ ಪರೀಕ್ಷಾ ಕಾರು. ಕೊರತೆ ಇದ್ದದ್ದು ಒಂದೇ. ಯಾವ ಕಾರ್ಖಾನೆಯೂ ಆ ಎಂಜಿನ್ನನ್ನು ಮಾರಾಟದ ಕಾರಿಗೆ ಹಾಕುತ್ತಿರಲಿಲ್ಲ.

ಸಾರಿಚ್ 1992ರಲ್ಲಿ ಕಂಪನಿ ಬಿಟ್ಟರು. ತಮ್ಮ ಷೇರು ಮಾರಿ, ಬಂದ ಹಣವನ್ನು ಜಮೀನು ಕಟ್ಟಡಗಳಲ್ಲಿ ತೊಡಗಿಸಿ ಪಶ್ಚಿಮ ಆಸ್ಟ್ರೇಲಿಯಾದ ಶ್ರೀಮಂತರ ಸಾಲಿಗೆ ಸೇರಿದರು. ಇಪ್ಪತ್ತು ವರ್ಷ ದುಡಿದವರಿಗೆ ಅದು ನ್ಯಾಯವಾಗಿಯೇ ಸಲ್ಲಬೇಕಾದ ಹಣ, ಆ ಬಗ್ಗೆ ಆಕ್ಷೇಪವಿಲ್ಲ. ಆದರೆ ‘ನಂಬಿ ಕಾಯಿರಿ’ ಎನ್ನುವವರು ಇದನ್ನು ಗಮನಿಸಲಿ. ಆ ಎಂಜಿನ್ನಿನ ಒಳಗು ಹೊರಗು ಎಲ್ಲರಿಗಿಂತ ಹೆಚ್ಚು ಬಲ್ಲ ವ್ಯಕ್ತಿಯೇ ಉದ್ಯಮದ ಒಪ್ಪಿಗೆಗಾಗಿ ಷೇರು ಹಿಡಿದು ಕೂರಲಿಲ್ಲ.

ಮುಂದೆ ಆದದ್ದೇನು? ಅಮೆರಿಕ 1990ರಲ್ಲಿ ತನ್ನ ವಾಯುಮಾಲಿನ್ಯ ಕಾಯಿದೆಯನ್ನು ಬಿಗಿ ಮಾಡಿತು. ಟು-ಸ್ಟ್ರೋಕ್ ಎಂಜಿನ್ನಿನ ಹೊಗೆಯಲ್ಲಿ ಸಿಲಿಂಡರ್ ತೊಳೆದ ಗಾಳಿಯ ಆಮ್ಲಜನಕ ಉಳಿದಿರುತ್ತದೆ. ಆಮ್ಲಜನಕ ಹೆಚ್ಚಿರುವ ಹೊಗೆಯಲ್ಲಿ, ಮಾಮೂಲಿ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯಲಾರದು. ಹಾಗಾಗಿ ಎಂಜಿನ್ನೇ ಆ ವಿಷವನ್ನು ತೀರ ಕಡಿಮೆ ಹುಟ್ಟಿಸಬೇಕು, ಹೊಸದರಲ್ಲಷ್ಟೇ ಅಲ್ಲ, ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೂ. ಇತ್ತ ಹಳೆಯ ಫೋರ್-ಸ್ಟ್ರೋಕ್ ಎಂಜಿನ್ ಸುಮ್ಮನೆ ಕೂರಲಿಲ್ಲ. ಸಿಲಿಂಡರಿಗೆ ನಾಲ್ಕು ವಾಲ್ವು ಬಂತು, ಇಂಧನವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ ಅಳೆದು ಕೊಡತೊಡಗಿತು, ಕನ್ವರ್ಟರ್ ಸುಧಾರಿಸಿತು. ಆರ್ಬಿಟಲ್ ಸ್ಪರ್ಧೆಗೆ ಇಳಿದಾಗ ಎದುರಿಗಿದ್ದ ಎಂಜಿನ್ ಬೇರೆ, ಗುರಿ ಮುಟ್ಟುವ ಹೊತ್ತಿಗೆ ಎದುರಿಗಿದ್ದ ಎಂಜಿನ್ ಬೇರೆ. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಕಾರಿನ ಕನಸು ಕರಗಿತ್ತು. ಮುಂದಿನ ದಶಕದಲ್ಲಿ ಷೇರಿನ ಬೆಲೆ ಸೆಂಟುಗಳ ಲೆಕ್ಕಕ್ಕೆ ಇಳಿಯಿತು.

ಹೊಸ ಎಂಜಿನ್ನುಗಳ ಪರ ಮಾತಾಡುವವರು ಬಹುತೇಕ ಮರೆಯುವ ಸಂಗತಿ ಇದೇ. ಅವರು ಹೊಸದನ್ನು ಇಂದಿನ ಎಂಜಿನ್ ಜತೆ ಹೋಲಿಸಿ ಶೇಕಡಾ ಇಷ್ಟು ಉಳಿತಾಯ ಎಂದು ತೋರಿಸುತ್ತಾರೆ. ಆದರೆ ಹೊಸದು ಸೋಲಿಸಬೇಕಾದದ್ದು ಎಂಟೋ ಹತ್ತೋ ವರ್ಷದ ನಂತರದ ಎಂಜಿನ್ನನ್ನು. ಅದನ್ನು ಜಗತ್ತಿನ ಅಷ್ಟೂ ಕಾರು ಕಂಪನಿಗಳ ಸಾವಿರಾರು ಎಂಜಿನಿಯರುಗಳು ಸೇರಿ ದಿನದಿನವೂ ತಿದ್ದುತ್ತಿರುತ್ತಾರೆ. ಒಂದು ಸಣ್ಣ ಕಂಪನಿಯ ಪ್ರಯೋಗಾಲಯ ಆ ಓಟಕ್ಕೆ ಎಷ್ಟು ಕಾಲ ಸಮನಾಗಿ ನಿಂತೀತು?

ಆರ್ಬಿಟಲ್ ಸಾಯಲಿಲ್ಲ, ಇದನ್ನೂ ಹೇಳಬೇಕು. 1996ರಿಂದ ಮರ್ಕ್ಯುರಿ ಮರೀನ್ ಕಂಪನಿಯ ಆಪ್ಟಿಮ್ಯಾಕ್ಸ್ ದೋಣಿ ಎಂಜಿನ್ನುಗಳಲ್ಲಿ ಅದರ ವಿಧಾನ ಬಂತು. ಇಟಲಿಯ ಏಪ್ರಿಲಿಯಾ ಸ್ಕೂಟರಿನಲ್ಲಿ ಬಂತು. ಸೀಮೆನ್ಸ್ ಜತೆ ಸಿನರ್ಜೆಕ್ಟ್ ಎಂಬ ಪಾಲುದಾರಿಕೆಯಲ್ಲಿ ಬಿಡಿಭಾಗಗಳು ತಯಾರಾದವು. ಫಿಲಿಪೀನ್ಸ್‌ನಲ್ಲಿ ಎನ್ವಿರೋಫಿಟ್ ಎಂಬ ಸಂಸ್ಥೆ ಇದೇ ತಂತ್ರಜ್ಞಾನದ ಕಿಟ್ಟುಗಳನ್ನು ಬಾಡಿಗೆ ಟ್ರೈಸಿಕಲ್‌ಗಳಿಗೆ ಕೂಡಿಸಿ, ಬಡ ಚಾಲಕರ ಪೆಟ್ರೋಲು ಖರ್ಚನ್ನೂ ಬೀದಿಯ ಹೊಗೆಯನ್ನೂ ಇಳಿಸಿತು. ಈಚಿನ ವರ್ಷಗಳಲ್ಲಿ ಕಂಪನಿ ಪೈಲಟ್ ಇಲ್ಲದ ಸಣ್ಣ ವಿಮಾನಗಳಿಗೆ ಎಂಜಿನ್ ಕಟ್ಟಿಕೊಡುತ್ತಿದೆ. ಇವೆಲ್ಲ ಗೌರವದ ಕೆಲಸಗಳು. ಆದರೆ 1991ರಲ್ಲಿ ನ್ಯೂಯಾರ್ಕಿನಲ್ಲಿ ಷೇರು ಕೊಂಡವರು ದೋಣಿ, ಸ್ಕೂಟರುಗಳಿಗಾಗಿ ಆ ಬೆಲೆ ತೆತ್ತವರಲ್ಲ. ಕೋಟ್ಯಂತರ ಕಾರುಗಳ ಮೇಲೆ ಬರಲಿರುವ ರಾಯಲ್ಟಿಗಾಗಿ ತೆತ್ತವರು.

ಇದಕ್ಕಿಂತ ಕಹಿಯಾದ ಸಂಗತಿ ಇನ್ನೊಂದಿದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸಬೇಕು ಎಂಬ ವಿಚಾರ ಸೋಲಲೇ ಇಲ್ಲ, ಗೆದ್ದಿತು. 1996ರಲ್ಲಿ ಮಿತ್ಸುಬಿಷಿ ತನ್ನ ಗ್ಯಾಲಂಟ್ ಕಾರಿನ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಅದನ್ನು ತಂದಿತು. ಜರ್ಮನಿಯವರು ಹಿಂಬಾಲಿಸಿದರು. ಇಂದು ಪೆಟ್ರೋಲ್ ಕಾರುಗಳಲ್ಲಿ ಅದು ಸಾಮಾನ್ಯ ಸಂಗತಿ. ಆದರೆ ಅವರೆಲ್ಲ ಅದನ್ನು ತಮ್ಮದೇ ಬೇರೆ ಬೇರೆ ವಿಧಾನಗಳಲ್ಲಿ, ತಮ್ಮದೇ ಪಂಪು ಮತ್ತು ಇಂಜೆಕ್ಟರುಗಳಿಂದ ಮಾಡಿಕೊಂಡರು. ಉದ್ಯಮ ವಿಚಾರವನ್ನು ಒಪ್ಪಿಕೊಂಡಿತು, ಆರ್ಬಿಟಲ್ ಷೇರುದಾರನ ಕೈಗೆ ಅದರಿಂದ ಬಂದದ್ದು ಏನೂ ಇಲ್ಲವೆನ್ನುವಷ್ಟು. ತಂತ್ರಜ್ಞಾನ ಗೆದ್ದರೆ ಹೂಡಿದವನು ಗೆಲ್ಲುತ್ತಾನೆ ಎಂಬ ಲೆಕ್ಕ ಇಲ್ಲಿ ಕುಸಿಯುತ್ತದೆ. ಅವೆರಡೂ ಬೇರೆ ಬೇರೆ ಘಟನೆಗಳು. ಮೊದಲನೆಯದು ನಡೆದು ಎರಡನೆಯದು ನಡೆಯದೇ ಹೋಗಬಹುದು.

ಇಲ್ಲಿಗೆ ಬಂದಾಗ ಒಂದು ಹಳೆಯ ಆರೋಪ ಎದ್ದು ನಿಲ್ಲುತ್ತದೆ. ದೊಡ್ಡ ಕಂಪನಿಗಳೂ ಎಣ್ಣೆ ಕಂಪನಿಗಳೂ ಸೇರಿ ಒಳ್ಳೆಯ ಎಂಜಿನ್ನುಗಳನ್ನು ತುಳಿಯುತ್ತವಂತೆ. ಕಳೆದುಕೊಂಡ ಹೂಡಿಕೆದಾರರಿಗೆ ಈ ಕಥೆ ಸಮಾಧಾನ ಕೊಡುತ್ತದೆ, ಅದಕ್ಕೇ ಅದು ಸಾಯುವುದಿಲ್ಲ. ಆದರೆ ದಾಖಲೆ ಹೇಳುವುದು ಬೇರೆ. ಫೋರ್ಡ್ ಲೈಸೆನ್ಸಿಗೆ ದುಡ್ಡು ಕೊಟ್ಟಿತು, ಎಂಜಿನ್ ಕಟ್ಟಿತು, ಕಾರು ಓಡಿಸಿತು, ಆಮೇಲೆ ಬೇಡವೆಂದಿತು. ತುಳಿಯಬೇಕೆಂದಿದ್ದರೆ ಇಷ್ಟು ಖರ್ಚು ಮಾಡಬೇಕಿರಲಿಲ್ಲ.

ವಾಂಕೆಲ್ ಎಂಜಿನ್ನಿನ ಚರಿತ್ರೆ ಇದನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿ ಎನ್‌ಎಸ್‌ಯು ಕಂಪನಿ ಬೆಳೆಸಿದ ತಿರುಗು ಎಂಜಿನ್ ಅದು. ಅಮೆರಿಕದ ಕರ್ಟಿಸ್-ರೈಟ್ ಕಂಪನಿ 1958ರಲ್ಲೇ ಉತ್ತರ ಅಮೆರಿಕದ ಹಕ್ಕು ಪಡೆಯಿತು. 1970ರಲ್ಲಿ ಜನರಲ್ ಮೋಟಾರ್ಸ್ 5 ಕೋಟಿ ಡಾಲರಿನ ಲೈಸೆನ್ಸ್ ಒಪ್ಪಂದ ಮಾಡಿಕೊಂಡಿತು. ಕರ್ಟಿಸ್-ರೈಟ್ ಷೇರು ಜಿಗಿಯಿತು. ಇನ್ನು ಹತ್ತೇ ವರ್ಷದಲ್ಲಿ ಪಿಸ್ಟನ್ ಎಂಜಿನ್ ಮ್ಯೂಸಿಯಂ ಸೇರುತ್ತದೆ ಎಂದು ಬರೆದವರೂ ಇದ್ದರು. ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಐದು ಕೋಟಿ ಡಾಲರ್ ಕೊಟ್ಟಿದ್ದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೇನು ಬೇಕಿತ್ತು? 1973ರಲ್ಲಿ ತೈಲ ಬಿಕ್ಕಟ್ಟು ಬಂತು. ವಾಂಕೆಲ್ ಎಂಜಿನ್ ಹೆಚ್ಚು ಪೆಟ್ರೋಲು ಕುಡಿಯುತ್ತಿತ್ತು, ಹೊಗೆಯ ನಿಯಮಕ್ಕೂ ಒಗ್ಗುತ್ತಿರಲಿಲ್ಲ. 1974ರಲ್ಲಿ ಜನರಲ್ ಮೋಟಾರ್ಸ್ ಕೈಬಿಟ್ಟಿತು. ಅದರಿಂದ ಎಂಜಿನ್ ಕೊಳ್ಳುವ ಭರವಸೆಯ ಮೇಲೆ ಅಮೆರಿಕನ್ ಮೋಟಾರ್ಸ್ ಕಂಪನಿ ‘ಪೇಸರ್’ ಎಂಬ ಕಾರನ್ನೇ ರೂಪಿಸಿತ್ತು. ಕಾರು 1975ರಲ್ಲಿ ಬಂತು, ಒಳಗೆ ಹಳೆಯ ಆರು ಸಿಲಿಂಡರಿನ ಭಾರದ ಎಂಜಿನ್ ಇತ್ತು. ಒಂದಿಡೀ ಕಾರು ಕಂಪನಿಯೇ ಇನ್ನೊಂದರ ತೀರ್ಮಾನ ನಂಬಿ ಹೀಗೆ ಸಿಕ್ಕಿಬಿದ್ದಿತೆಂದರೆ ಮನೆಯಲ್ಲಿ ಕೂತ ಷೇರುದಾರನ ಪಾಡೇನು?

ಎನ್‌ಎಸ್‌ಯು ಕಂಪನಿಯಂತೂ ತನ್ನದೇ ವಾಂಕೆಲ್ ಕಾರು ಆರ್‌ಒ 80ರ ಎಂಜಿನ್ ಸೀಲುಗಳು ಬೇಗ ಸವೆದು, ಗ್ಯಾರಂಟಿಯಲ್ಲಿ ಎಂಜಿನ್ ಬದಲಿಸಿ ಕೊಡುವುದರಲ್ಲೇ ಬಳಲಿತು. 1969ರಲ್ಲಿ ಅದನ್ನು ಫೋಕ್ಸ್‌ವ್ಯಾಗನ್ನಿನ ಆಟೊ ಯೂನಿಯನ್ ಜತೆ ವಿಲೀನ ಮಾಡಿದಾಗ, ಮುಂದೆ ಬರುವ ವಾಂಕೆಲ್ ಲೈಸೆನ್ಸ್ ಹಣದಲ್ಲಿ ಪಾಲು ಕೊಡುವ ಪತ್ರಗಳನ್ನು ಹಳೆಯ ಷೇರುದಾರರಿಗೆ ಹಂಚಿದರು. ಉದ್ಯಮ ಒಪ್ಪಿಕೊಂಡೀತೆಂಬ ನಿರೀಕ್ಷೆಯನ್ನೇ ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟಂತೆ. ಮುಂದೆ ಕಾರು ಕಂಪನಿಗಳು ಒಂದೊಂದಾಗಿ ಹಿಂದೆ ಸರಿದವು, ಉಳಿದದ್ದು ಜಪಾನಿನ ಮಾಜ್ದಾ ಮಾತ್ರ. ಮಾಜ್ದಾ ಏಕೆ ಉಳಿಯಿತು? ಅದು ಯಾರ ಒಪ್ಪಿಗೆಗೂ ಕಾಯಲಿಲ್ಲ. ಎಂಜಿನ್ ತಾನೇ ಕಟ್ಟಿತು, ತನ್ನ ಕಾರಿಗೆ ತಾನೇ ಹಾಕಿತು, ಕೊಳ್ಳುವವರಿಗೆ ತಾನೇ ಮಾರಿತು. ಅಷ್ಟಾಗಿಯೂ ತೈಲ ಬಿಕ್ಕಟ್ಟಿನ ನಂತರ ಮುಳುಗುವ ಹಂತ ತಲುಪಿ ಸುಮಿಟೊಮೊ ಬ್ಯಾಂಕಿನ ಆಸರೆಯಿಂದ ದಡ ಸೇರಿತು.

ಇನ್ನು ಲೈಸೆನ್ಸ್ ಎಂಬುದನ್ನು ಬಿಚ್ಚಿ ನೋಡಬೇಕು. ‘ಇಂಥ ದೊಡ್ಡ ಕಂಪನಿ ಸಹಿ ಹಾಕಿದೆ’ ಎಂಬ ಸುದ್ದಿ ಬಂದ ದಿನ ಷೇರು ಏರುತ್ತದೆ. ಆ ಸಹಿಯ ಅರ್ಥವೇನು? ದೊಡ್ಡ ಕಾರು ಕಂಪನಿಗೆ ವರ್ಷಕ್ಕೆ ಕೆಲವು ದಶಲಕ್ಷ ಡಾಲರ್ ಕೊಟ್ಟು ಹೊಸ ಎಂಜಿನ್ನಿನ ಪರಿಚಯ ಮಾಡಿಕೊಳ್ಳುವುದು ಸಣ್ಣ ಖರ್ಚು. ಎದುರಾಳಿ ಆ ಎಂಜಿನ್ ತಂದುಬಿಟ್ಟರೆ ತಾನು ಹಿಂದೆ ಬೀಳಬಾರದು ಎಂಬ ಎಚ್ಚರಿಕೆಯ ಖರ್ಚು ಅದು. ಅದೇ ಎಂಜಿನ್ನನ್ನು ಕಾರ್ಖಾನೆಗೆ ತರಬೇಕಾದರೆ ಹೊಸ ಅಚ್ಚುಗಳು, ಹೊಸ ಯಂತ್ರಗಳ ಸಾಲು, ಹೊಸ ಪೂರೈಕೆದಾರರು, ಊರೂರಿನ ಮೆಕ್ಯಾನಿಕ್ಕುಗಳಿಗೆ ತರಬೇತಿ, ಎಲ್ಲಕ್ಕೂ ಮಿಗಿಲಾಗಿ ಗ್ಯಾರಂಟಿಯ ಹೊಣೆ. ಸೀಲೋ ಇಂಜೆಕ್ಟರೋ ಮೂರನೆಯ ವರ್ಷ ಕೈಕೊಟ್ಟರೆ ಲಕ್ಷಗಟ್ಟಲೆ ಕಾರುಗಳನ್ನು ವಾಪಸು ಕರೆಯಬೇಕು. ಹಾಗಾಗಿ ಸಹಿ ಹಾಕುವುದಕ್ಕೂ ತಯಾರಿಸುವುದಕ್ಕೂ ನಡುವೆ ಇರುವ ಅಂತರದಲ್ಲಿ ಕಾರು ಕಂಪನಿ ಆರಾಮವಾಗಿ ಇರಬಲ್ಲದು. ಪೇಟೆಂಟಿನ ಆಯುಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಒಂದು ಎಂಜಿನ್ ವಂಶವನ್ನು ಕಾರು ಕಂಪನಿಗಳು ಹತ್ತು ಹದಿನೈದು ವರ್ಷ ಎಳೆಯುತ್ತವೆ. ಸುಮ್ಮನೆ ಕಾದರೆ ಎಷ್ಟೋ ಮುಖ್ಯ ಪೇಟೆಂಟುಗಳು ತಾವಾಗಿಯೇ ಮುಗಿದು, ವಿಚಾರ ಬಿಟ್ಟಿ ಸಿಗುತ್ತದೆ. ಕಾಯುವುದು ಯಾರಿಗೆ ಲಾಭ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ?

ಅತ್ತ ಅವರು ಕಾಯುತ್ತಿರುವಾಗ ಇತ್ತ ನಮ್ಮ ಕಂಪನಿಗೆ ತಿಂಗಳ ಸಂಬಳ ಕೊಡಬೇಕು, ಪ್ರಯೋಗಾಲಯ ನಡೆಯಬೇಕು, ಪೇಟೆಂಟ್ ಶುಲ್ಕ ಕಟ್ಟಬೇಕು. ಗಳಿಕೆ ಇಲ್ಲದ ಕಂಪನಿ ಈ ಹಣವನ್ನು ಹೊಸ ಷೇರು ಮಾರಿ ತರುತ್ತದೆ. ವರ್ಷಕ್ಕೆ ಶೇ 20ರಷ್ಟು ಹೊಸ ಷೇರು ಹೊರಟಿತು ಎಂದುಕೊಳ್ಳಿ. ಐದು ವರ್ಷದಲ್ಲಿ ನೂರು ಷೇರು ಇದ್ದ ಕಡೆ ಸುಮಾರು ಇನ್ನೂರೈವತ್ತು ಆಗಿರುತ್ತವೆ. ಕಂಪನಿಯಲ್ಲಿ ನಮ್ಮ ಪಾಲು ನೂರಕ್ಕೆ ಒಂದು ಇದ್ದದ್ದು 0.4ಕ್ಕೆ ಇಳಿದಿರುತ್ತದೆ. ಕೊನೆಗೊಂದು ದಿನ ಉದ್ಯಮ ಒಪ್ಪಿಕೊಂಡೇಬಿಟ್ಟಿತು ಎನ್ನೋಣ. ನಾವು ಕನಸಿದ್ದ ಫಲದಲ್ಲಿ ನಮಗೆ ಉಳಿದಿರುವುದು ಅರ್ಧಕ್ಕಿಂತ ಕಡಿಮೆ. ಪಾಲು ಉಳಿಸಿಕೊಳ್ಳಬೇಕೆಂದರೆ ಪ್ರತಿ ವರ್ಷ ಮತ್ತೆ ದುಡ್ಡು ಹಾಕಬೇಕು. ಆವರೇಜ್ ಮಾಡುವುದು ಎಂದು ಇದಕ್ಕೇ ಹೆಸರಿಟ್ಟಿದ್ದಾರೆ. ಬೆಲೆ ಇಳಿದದ್ದರಿಂದ ಅಗ್ಗವಾಯಿತು ಎಂಬ ಭ್ರಮೆ ಅಲ್ಲಿ ಕೆಲಸ ಮಾಡುತ್ತದೆ. ಕಂಪನಿಯ ಕೈಯಲ್ಲಿರುವ ನಗದು ಇನ್ನೆಷ್ಟು ತಿಂಗಳಿಗೆ ಸಾಕು ಎಂದು ಕೇಳದೆ ಯಾವ ಬೆಲೆಯನ್ನೂ ಅಗ್ಗ ಎನ್ನಲಾಗದು. ಬ್ಯಾಂಕಿನ ಠೇವಣಿಯಲ್ಲಿ ಶೇ 7ರ ಬಡ್ಡಿಗೆ ಇಟ್ಟ ಒಂದು ಲಕ್ಷ ಹದಿನೈದು ವರ್ಷದಲ್ಲಿ ಎರಡೂಮುಕ್ಕಾಲು ಲಕ್ಷ ಆಗುತ್ತದೆ. ಕಾಯುವುದಕ್ಕೆ ನಿಜವಾದ ಬೆಲೆ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಒಂದಿದೆ. ಲೈಸೆನ್ಸ್ ಮೇಲೆಯೇ ಬದುಕಿ ಬೆಳೆದ ಕಂಪನಿಗಳಿಲ್ಲವೆ? ಕೇಂಬ್ರಿಜ್‌ನ ಆರ್ಮ್ ಕಂಪನಿ ಒಂದೂ ಚಿಪ್ ಕಾರ್ಖಾನೆ ಇಲ್ಲದೆ ಜಗತ್ತಿನ ಮೊಬೈಲುಗಳನ್ನೆಲ್ಲ ಆಳಲಿಲ್ಲವೆ? ಆಳಿತು. ಆದರೆ ಚಿಪ್ಪಿನ ಪ್ರಪಂಚ ಬೇರೆ. ಅಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಹೊಸ ವಿನ್ಯಾಸ ಬರಲೇಬೇಕು, ಅದೇ ಕಾರ್ಖಾನೆಯಲ್ಲಿ ಬೇರೆ ವಿನ್ಯಾಸವನ್ನು ಅಚ್ಚೊತ್ತಬಹುದು, ಮೊಬೈಲ್ ಎಂಬ ವಸ್ತುವೇ ಆಗ ಹೊಸದಾಗಿ ಹುಟ್ಟುತ್ತಿತ್ತು. ಸ್ಥಾನ ಬಿಡಿಸಬೇಕಾದ ಹಳಬನೇ ಅಲ್ಲಿರಲಿಲ್ಲ. ಎಂಜಿನ್ ಪ್ರಪಂಚದಲ್ಲಿ ನೂರು ವರ್ಷ ಪಳಗಿದ ಹಳಬ ಇದ್ದಾನೆ, ಅವನ ಹೆಸರಿನಲ್ಲಿ ಕಾರ್ಖಾನೆಗಳಿಗೆ ಈಗಾಗಲೇ ಹಣ ಹೂಡಿಯಾಗಿದೆ.

ಎಂಜಿನ್ ಪ್ರಪಂಚದಲ್ಲೇ ಗೆದ್ದವರನ್ನು ನೋಡೋಣ. ಇಂಗ್ಲೆಂಡಿನ ರಿಕಾರ್ಡೊ ಕಂಪನಿ ಒಂದು ಶತಮಾನ ದಾಟಿ ಬದುಕಿದೆ. ಅದು ಬೇರೆಯವರ ಎಂಜಿನ್ನುಗಳ ಸಮಸ್ಯೆ ಬಿಡಿಸಿ, ಆ ಕೆಲಸಕ್ಕೆ ಆ ವರ್ಷವೇ ಕೂಲಿ ಪಡೆಯುತ್ತದೆ. ಸರ್ ಹ್ಯಾರಿ ರಿಕಾರ್ಡೊ ಅವರ ಡೀಸೆಲ್ ದಹನಕೋಣೆಯ ವಿನ್ಯಾಸ ಲೈಸೆನ್ಸ್ ಮೇಲೆ ಹರಡಿತು ನಿಜ. ಇದ್ದ ಎಂಜಿನ್ನಿನ ತಲೆಭಾಗದಲ್ಲಿ ಮಾಡಿಕೊಳ್ಳಬಹುದಾದ ಬದಲಾವಣೆ ಅದಾಗಿತ್ತು, ಕಾರ್ಖಾನೆ ಕೆಡವಬೇಕಿರಲಿಲ್ಲ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಅತಿ ಒತ್ತಡದ ಡೀಸೆಲ್ ಹಾಯಿಸುವ ಕಾಮನ್-ರೈಲ್ ಪದ್ಧತಿಯ ಕಥೆ ಇನ್ನೂ ದೊಡ್ಡ ಪಾಠ. ಅದನ್ನು ಕಾರಿಗೆ ಒಗ್ಗಿಸಿದ ಕೆಲಸದ ಬಹುಪಾಲು ಇಟಲಿಯ ಫಿಯೆಟ್ ಬಳಗದ ಪ್ರಯೋಗಾಲಯಗಳಲ್ಲಿ ನಡೆಯಿತು. ತಯಾರಿಕೆಯ ಹಕ್ಕನ್ನು ಫಿಯೆಟ್ ಜರ್ಮನಿಯ ಬಾಷ್ ಕಂಪನಿಗೆ ಮಾರಿತು. 1997ರಲ್ಲಿ ಆಲ್ಫಾ ರೋಮಿಯೊ 156 ಆ ಪದ್ಧತಿಯೊಂದಿಗೆ ಬಂತು, ಆಮೇಲೆ ಜಗತ್ತಿನ ಡೀಸೆಲ್ ಕಾರುಗಳೆಲ್ಲ ಅದನ್ನೇ ಹಿಡಿದವು. ಹಣ ಹರಿದದ್ದು ಪಂಪು, ಇಂಜೆಕ್ಟರುಗಳನ್ನು ಎಣಿಸಿ ಮಾರಿದ ಬಾಷ್ ಕಡೆಗೆ. ಬೆಂಗಳೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗುಗಳನ್ನು ಮಾಡುತ್ತ ಎಷ್ಟೋ ಸಾವಿರ ಸಂಸಾರಗಳಿಗೆ ಅನ್ನ ಕೊಟ್ಟ ಮೈಕೊ ಅದೇ ಬಾಷ್ ಬಳಗದ ಕಂಪನಿ. ಎಂಜಿನ್ ತಂತ್ರಜ್ಞಾನದ ಲಾಭ ನಿಲ್ಲುವ ಜಾಗ ಅದು: ಭಾಗವನ್ನು ಮೈಕ್ರಾನ್ ಲೆಕ್ಕದಲ್ಲಿ, ಲಕ್ಷಗಟ್ಟಲೆ ಸಲ, ತಪ್ಪಿಲ್ಲದೆ ತಯಾರಿಸುವ ಕಾರ್ಖಾನೆ.

ಉದ್ಯಮದ ತೀರ್ಮಾನ ಉದ್ಯಮದ ಕೈಯಲ್ಲೂ ಪೂರ್ತಿ ಇರುವುದಿಲ್ಲ ಎಂಬುದಕ್ಕೆ ನಮ್ಮ ರಸ್ತೆಗಳೇ ಸಾಕ್ಷಿ. 2007ರಲ್ಲಿ ಬಜಾಜ್ ಆಟೊ ಕಂಪನಿ ಇದೇ ಆರ್ಬಿಟಲ್ ತಂತ್ರಜ್ಞಾನ ಅಳವಡಿಸಿದ ಟು-ಸ್ಟ್ರೋಕ್ ಆಟೊರಿಕ್ಷಾ ಬಿಡುಗಡೆ ಮಾಡಿತು. ಜಗತ್ತಿನಲ್ಲೇ ಅತಿ ಹೆಚ್ಚು ತ್ರಿಚಕ್ರ ವಾಹನ ಮಾಡುವ ಕಂಪನಿ ಅದು. ಕಾಯುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬರಲಾರದು. ಆದರೆ ಅಷ್ಟರಲ್ಲಿ ಗಾಳಿ ಬೇರೆ ಕಡೆ ತಿರುಗಿತ್ತು. ದೆಹಲಿಯಲ್ಲಿ ಸುಪ್ರೀಂ ಕೋರ್ಟು 1998ರಲ್ಲೇ ಬಸ್ಸು, ಆಟೊಗಳನ್ನು ಸಿಎನ್‌ಜಿಗೆ ತಿರುಗಿಸಲು ಆದೇಶಿಸಿತ್ತು. ಬೆಂಗಳೂರಿನ ಆಟೊಗಳು ಎಲ್‌ಪಿಜಿಗೆ ಹೋದವು. ಟು-ಸ್ಟ್ರೋಕ್ ಎಂದರೆ ಮಾಲಿನ್ಯ ಎಂಬ ಭಾವನೆ ಅಧಿಕಾರಿಗಳಲ್ಲೂ ಜನರಲ್ಲೂ ಗಟ್ಟಿಯಾಗಿತ್ತು. ಚಿಮ್ಮುವ ಪೆಟ್ರೋಲಿನ ಸೂಕ್ಷ್ಮ ವ್ಯತ್ಯಾಸವನ್ನು ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಫೋರ್-ಸ್ಟ್ರೋಕ್, ಗ್ಯಾಸು, ಈಗ ಬ್ಯಾಟರಿ ಎಂದು ಆಟೊ ಮುಂದೆ ಹೋಯಿತು. ಒಪ್ಪಿಗೆ ಸಿಕ್ಕ ಮೇಲೂ ಅದನ್ನು ನ್ಯಾಯಾಲಯ, ಸರ್ಕಾರ, ತೈಲ ಬೆಲೆ ಯಾವುದಾದರೂ ಕಿತ್ತುಕೊಳ್ಳಬಹುದು.

ಇದೆಲ್ಲ ಪ್ರಾಮಾಣಿಕ ಕಂಪನಿಗಳ ಮಾತು. ಕಾಯುವ ಸಂಸ್ಕೃತಿ ಬೆಳೆದ ಕಡೆ ಬೇರೆಯದೂ ನಡೆಯುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಎರಡು ಸಿಲಿಂಡರುಗಳ ನಡುವೆ ಕೆಲಸ ಹಂಚುವ ಎಂಜಿನ್ ಹೆಸರಿನಲ್ಲಿ ಸ್ಕುಡೇರಿ ಗ್ರೂಪ್ ಎಂಬ ಕುಟುಂಬದ ಕಂಪನಿ ಮೂರು ಸಾವಿರಕ್ಕೂ ಹೆಚ್ಚು ಜನರಿಂದ 8 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿತು. ಹೂಡಿಕೆದಾರರಿಗೆ ತಿಳಿಸದೆ ಅದರಲ್ಲಿ 32 ಲಕ್ಷ ಡಾಲರ್ ಕುಟುಂಬದವರಿಗೆ ಸಂದಿದೆ ಎಂದು 2013ರಲ್ಲಿ ಅಲ್ಲಿನ ಷೇರು ನಿಯಂತ್ರಣ ಸಂಸ್ಥೆ ಕ್ರಮ ಕೈಗೊಂಡಿತು. ವರ್ಷಗಟ್ಟಲೆ ಯಾರೂ ಲೆಕ್ಕ ಕೇಳಲಿಲ್ಲ ಎಂದರೆ, ಗಳಿಕೆ ಇಲ್ಲದಿರುವುದೇ ಸಹಜ ಎಂದು ಎಲ್ಲರೂ ಒಪ್ಪಿ ಕೂತಿದ್ದರು.

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಇಂಥ ಷೇರಿಗೆ ಅಂಟಿಸುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬಿತ್ತಿದ ರೈತ ಕಾಯುವುದಿಲ್ಲವೆ ಎಂದು ಅವರು ಕೇಳುತ್ತಾರೆ. ಬಿತ್ತಿದ ರೈತ ಕಳೆ ಕೀಳುತ್ತಾನೆ, ನೀರು ಕಟ್ಟುತ್ತಾನೆ, ಹುಳ ಬಿದ್ದರೆ ಮದ್ದು ಹೊಡೆಯುತ್ತಾನೆ, ಯಾವ ತಿಂಗಳು ಕೊಯ್ಲು ಎಂಬುದು ಅವನಿಗೆ ಗೊತ್ತು. ಷೇರುದಾರನ ಕೈಯಲ್ಲಿ ಇದರಲ್ಲಿ ಒಂದೂ ಇಲ್ಲ. ತಾಳ್ಮೆ ಎಂಬ ಗುಣವನ್ನು ಮುಂದಿಟ್ಟು, ಮಾರಿ ಹೊರಬರಬೇಕೆಂದವನನ್ನು ಪುಕ್ಕಲನೆಂದು ಹೀಯಾಳಿಸಿ, ನಿವೃತ್ತಿಯ ಹಣ, ಮಗಳ ಓದಿನ ಹಣ ಅಲ್ಲೇ ಕೊಳೆಯುವಂತೆ ಮಾಡುವುದು ಸಲಹೆಯಲ್ಲ.

ಹಾಗಾದರೆ ಹೊಸ ಎಂಜಿನ್ನುಗಳಿಗೆ ಹಣ ಕೊಡುವವರು ಯಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಳೆದುಕೊಂಡರೂ ತಡೆದುಕೊಳ್ಳಬಲ್ಲವರು ಕೊಡಲಿ: ಸರ್ಕಾರದ ಸಂಶೋಧನಾ ನಿಧಿ, ಬಿಎಚ್‌ಪಿಯಂಥ ದೊಡ್ಡ ಕಂಪನಿಗಳು, ಆ ಎಂಜಿನ್ ಬೇಕೆನ್ನುವ ಕಾರು ಕಂಪನಿಗಳೇ. ಹತ್ತು ಕಡೆ ಹೂಡಿ ಒಂಬತ್ತು ಕಡೆ ಸೋಲುವುದು ಅವರ ಲೆಕ್ಕದಲ್ಲೇ ಇರುತ್ತದೆ. ಎಂಜಿನಿಯರುಗಳ ಹಿತಕ್ಕೂ ಅದೇ ಒಳ್ಳೆಯದು. ಷೇರಿನ ಬೆಲೆ ಹಿಡಿದು ನಿಲ್ಲಿಸಲು ಮೂರು ತಿಂಗಳಿಗೊಂದು ‘ಒಪ್ಪಂದ’ ಪ್ರಕಟಿಸಬೇಕಾದ ಒತ್ತಡದಲ್ಲಿ ಒಳ್ಳೆಯ ಯಂತ್ರ ಹುಟ್ಟುವುದು ಕಷ್ಟ. ದೋಣಿಗೋ ಸಣ್ಣ ವಿಮಾನಕ್ಕೋ ಎಂಜಿನ್ ಕಟ್ಟಿ ಈ ವರ್ಷದ ದುಡ್ಡು ಈ ವರ್ಷ ದುಡಿಯುವ ಕಂಪನಿಯ ಷೇರು ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ.

ಲೈಸೆನ್ಸ್ ಪ್ರಕಟಣೆಗಳ ಬಗ್ಗೆ ಒಂದು ಕಟ್ಟುನಿಟ್ಟಿನ ನಿಯಮ ಬೇಕು. ಇಂಥ ದೊಡ್ಡ ಕಂಪನಿಯೊಡನೆ ಒಪ್ಪಂದವಾಯಿತು ಎಂದು ಷೇರುಪೇಟೆಗೆ ತಿಳಿಸುವವರು, ಎಂಜಿನ್ ತಯಾರಾಗದಿದ್ದರೂ ತಮಗೆ ಖಂಡಿತ ಬರುವ ಹಣ ಎಷ್ಟು, ಆ ದೊಡ್ಡ ಕಂಪನಿ ಯಂತ್ರಗಳಿಗೆ ತನ್ನ ಜೇಬಿನಿಂದ ಎಷ್ಟು ಹೂಡಿದೆ, ಯಾವ ಕಾರಿಗೆ ಯಾವ ವರ್ಷ ಎಂಬುದನ್ನು ಅದೇ ಪುಟದಲ್ಲಿ ಬರೆಯಲಿ. ಬರೆಯಲು ಏನೂ ಇಲ್ಲದಿದ್ದರೆ ಸೊನ್ನೆ ಎಂದೇ ಬರೆಯಲಿ. ಆ ಸೊನ್ನೆಯನ್ನು ಕಣ್ಣಾರೆ ಕಂಡ ಮೇಲೂ ಕೊಳ್ಳುವವರು ಕೊಳ್ಳಲಿ.